ಬಿದ್ದ ಹುಳು ಸತ್ತಿದೆ ಅಂತ ನಂಬಬೇಡಿ

ಧಾನ್ಯದ ಹುಳುಗಳನ್ನು ಕೊಲ್ಲಲು ಗಟ್ಟಿ ಪೆಟ್ಟಿಗೆಯೊಳಗಿಟ್ಟು ಗಾಳಿ ಹೊರಗೆಳೆಯುವುದು, ಅಂದರೆ ನಿರ್ವಾತ ಮಾಡುವುದು, ನನ್ನ ಕೆಲಸದ ಒಂದು ಭಾಗ. ಹೇಳಿದಾಗಲೆಲ್ಲ ಅದೇ ಪ್ರಶ್ನೆ: "ಹುಳು ಪಟ್ ಅಂತ ಒಡೆಯುತ್ತಾ?" ಒಡೆಯಲ್ಲ. ನೋಡೋಕೆ ಅಷ್ಟೇನೂ ಮಜವಿಲ್ಲ.

ಪಂಪ್ ಓಡಿ ಒತ್ತಡ ಇಳಿದ ಹಾಗೆ ಹಿಟ್ಟಿನ ಕೆಂಪು ದುಂಬಿಗಳ ನಡಿಗೆ ತಪ್ಪುತ್ತದೆ, ಆಮೇಲೆ ಮಗುಚಿಕೊಂಡು ಬೀಳುತ್ತವೆ. ಹೊರಗೆ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡವನ್ನು ಒಳಗೆ 50ಕ್ಕೆ ಇಳಿಸಿದರೆ, ಹುಳುವಿಗೆ ಸಿಗುವ ಆಮ್ಲಜನಕ ಶೇ 21ರ ಬದಲು ಶೇ 1.4 ಇದ್ದ ಹಾಗೆ. ಅದನ್ನು ಕೊಲ್ಲುವುದು ಮುಖ್ಯವಾಗಿ ಈ ಉಸಿರಿನ ಕೊರತೆಯೇ. ಬೇಗ ಗಾಳಿ ಬಿಟ್ಟರೆ ಬಿದ್ದವು ಎದ್ದು ಓಡುತ್ತವೆ! ಬಿಸಿಯಿದ್ದರೆ ಬೇಗ ಸಾಯುತ್ತವೆ, ಏಕೆಂದರೆ ಆಗ ಅವಕ್ಕೆ ಆಮ್ಲಜನಕ ಜಾಸ್ತಿ ಬೇಕು. ತಣ್ಣಗಿದ್ದರೆ ನಾವು ಕಾಯುತ್ತಾ ಕೂರಬೇಕು.

ವಿಷಾನಿಲ ಸೇರಿಸಿದಾಗ ಆಟ ಬದಲಾಗುತ್ತದೆ. ಕಾಳುಗಳ ನಡುವಿನ ಗಾಳಿ ಹೋಗಿರುವುದರಿಂದ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಮೂಟೆಯ ನಡುವಿನ ತನಕ ನುಗ್ಗುತ್ತದೆ. ಉಸಿರಿಗೆ ಒದ್ದಾಡುವ ಹುಳು ತನ್ನ ಮೈಯ ಉಸಿರುರಂಧ್ರಗಳನ್ನು ತೆರೆದೇ ಇಟ್ಟಿರುತ್ತದೆ. ಒಂದು ದಿನದ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಈ ಅನಿಲ ಓಝೋನ್ ಪದರ ತಿನ್ನುತ್ತದೆ. ಓಝೋನ್ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳಲ್ಲಿ 2005ಕ್ಕೆ, ಉಳಿದ ಕಡೆ 2015ಕ್ಕೆ ಇದರ ಸಾಮಾನ್ಯ ಬಳಕೆ ನಿಲ್ಲಬೇಕಿತ್ತು. ಸರಕಿನ ಜೊತೆ ಕೀಟಗಳು ಬೇರೆ ದೇಶಕ್ಕೆ ಹೋಗದಂತೆ ತಡೆಯುವ ಕ್ವಾರಂಟೈನ್ ಕೆಲಸಕ್ಕೆ ವಿನಾಯಿತಿ ಇದೆ.

"ಹಾಗಾದ್ರೆ ಫಾಸ್ಫಿನ್ ಹಾಕಿ, ನಿರ್ವಾತ ಇದೆಯಲ್ಲ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಫಾಸ್ಫಿನ್ ಕೂಡ ಧಾನ್ಯದ ಹುಳು ಕೊಲ್ಲುವ ವಿಷಾನಿಲವೇ, ಆದರೆ ಕಡಿಮೆ ಒತ್ತಡದಲ್ಲಿ ಅದು ಸಿಡಿಯಬಹುದು. ಸಿಡಿಯದಿದ್ದರೂ ಲಾಭವಿಲ್ಲ: ಆ ವಿಷ ಕೆಲಸ ಮಾಡಲು ಹುಳುವಿಗೆ ಆಮ್ಲಜನಕ ಸಿಗುತ್ತಿರಬೇಕು. ಅದನ್ನೇ ನಾವು ಕಿತ್ತುಕೊಂಡಿದ್ದೇವಲ್ಲ!

ನನಗೆ ನಿಜವಾದ ತಲೆನೋವು ಮೊಟ್ಟೆಗಳು. ಅಕ್ಕಿಯ ಸೊಂಡಿಲು ಹುಳು ಕಾಳು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತಿಗೆ ಅಂಟಿನ ಬಿರಟೆ ಹಾಕುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣಲ್ಲ. ಬರೀ ನಿರ್ವಾತಕ್ಕೆ ಸಾಮಾನ್ಯವಾಗಿ ಮೊಟ್ಟೆಗಳೇ ಹೆಚ್ಚು ಹೊತ್ತು ತಡೆದುಕೊಳ್ಳುತ್ತವೆ, ದೊಡ್ಡ ಹುಳುಗಳಲ್ಲ. ಹಾಗಾಗಿ ಜರಡಿಯಲ್ಲಿ ಸತ್ತ ಹುಳು ಎಣಿಸಿ "ಆಯ್ತು" ಅನ್ನುವ ವರದಿಯನ್ನು ನಾನು ಒಪ್ಪುವುದಿಲ್ಲ. ಕಾಳನ್ನು 27 ಡಿಗ್ರಿ ಬಿಸಿಯಲ್ಲಿ ಐದಾರು ವಾರ ಇಟ್ಟು, ಮತ್ತೆ ಜರಡಿ ಹಿಡಿದು, ಹೊಸ ಹುಳು ಬಂದಿದೆಯಾ ನೋಡಿ ಅನ್ನುತ್ತೇನೆ. ಅಷ್ಟು ದಿನ ಕಾಯುವುದು ಯಾರಿಗೂ ಇಷ್ಟವಿಲ್ಲ, ಗೊತ್ತು.