ಅರವತ್ತನಾಲ್ಕರ ಮದುಮಗ

ನಿದ್ದೆ ಬರದೆ ಸ್ವೀಡನ್ನಿನ ರಾಜಕುಮಾರ ಬರ್ಟಿಲ್‌ನ ಕತೆ ಓದುತ್ತಾ ಕೂತೆ. 1943ರಲ್ಲಿ, ಯುದ್ಧಕಾಲದ ಲಂಡನ್ನಿನಲ್ಲಿ, ವೇಲ್ಸ್‌ನ ಲಿಲಿಯನ್ ಮೇಲೆ ಮನಸ್ಸಾಯಿತಂತೆ. ಆಕೆಗೆ ಆಗಲೇ ಮದುವೆಯಾಗಿತ್ತು; 1947ರಲ್ಲಿ ವಿಚ್ಛೇದನವೂ ಆಯಿತು. ಆದರೆ ಅದೇ ವರ್ಷ ಅಣ್ಣ ಗುಸ್ತಾಫ್ ಅಡಾಲ್ಫ್ ಕೋಪನ್‌ಹೇಗನ್ ವಿಮಾನ ಅಪಘಾತದಲ್ಲಿ ತೀರಿಕೊಂಡ. ಪಟ್ಟಕ್ಕೆ ಉಳಿದದ್ದು ಅಣ್ಣನ ವರ್ಷವೂ ತುಂಬದ ಗಂಡುಮಗು. ಸಾಮಾನ್ಯ ಮನೆತನದವಳನ್ನು ಕಟ್ಟಿಕೊಂಡರೆ ಸಿಂಹಾಸನದ ಹಕ್ಕು ಹೋಗುತ್ತಿತ್ತು. ಇನ್ನಿಬ್ಬರು ಸಹೋದರರು ಹಾಗೆಯೇ ಕಳೆದುಕೊಂಡಿದ್ದರು. ಮಗುವಿನ ಬೆನ್ನಿಗೆ ಇವನೊಬ್ಬನಾದರೂ ಬೇಕಿತ್ತು. ನಿಂತ.

ಒಂದೇ ಮನೆಯಲ್ಲಿ ಬಾಳಿದರು, ಮದುವೆ ಮಾತ್ರ ಇಲ್ಲ. ಕೊನೆಗೆ ಆ ಮಗುವೇ ರಾಜನಾಗಿ, 1976ರ ಜೂನ್‌ನಲ್ಲಿ ತಾನೂ ಸಾಮಾನ್ಯ ಮನೆತನದ ಸಿಲ್ವಿಯಾಳ ಕೈಹಿಡಿದು, ಚಿಕ್ಕಪ್ಪನಿಗೂ 'ಆಗಲಿ' ಅಂದ. ಡಿಸೆಂಬರ್ 7ಕ್ಕೆ ಡ್ರಾಟ್ನಿಂಗ್‌ಹೋಮ್ ಅರಮನೆಯ ಚರ್ಚಿನಲ್ಲಿ ಮದುವೆ. ಮದುಮಗನಿಗೆ 64, ಮದುಮಗಳಿಗೆ 61!

ಎಲ್ಲರೂ ಅವನ ತ್ಯಾಗವನ್ನೇ ಹೊಗಳುತ್ತಾರೆ. ನನಗೆ ಲಿಲಿಯನ್ನೇ ಕಾಡುತ್ತಿದ್ದಾಳೆ. ಅವನಿಗಾದರೂ ಕಾಯಲು ಒಂದು ಸಿಂಹಾಸನವಿತ್ತು. ಅವಳು 33 ವರ್ಷ ಕಾದದ್ದು ಬರೀ ಅವನಿಗಾಗಿ. ಅವನು ಹೋದದ್ದು 1997ರಲ್ಲಿ. ಅವಳು ಮತ್ತೆ 16 ವರ್ಷ ಒಬ್ಬಳೇ ಇದ್ದಳು.

ಗಂಟೆ ಎರಡಾಯ್ತು. ಬೆಳಿಗ್ಗೆ ಆಫೀಸಿದೆ ಮಾರಾಯ್ರೆ.