ಮದ್ದು ಕುಡಿಯದ ಇಲಿಗಳಲ್ಲೂ ಸಕ್ಕರೆ ಇಳಿದಿತ್ತು!

ನೇರಳೆ ಬೀಜದ ಸಾರ ಸಕ್ಕರೆ ಕಾಯಿಲೆಯನ್ನು ಇಳಿಸುತ್ತದೆಯೇ ಎಂದು ಇಲಿಗಳಲ್ಲಿ ನೋಡುತ್ತಿದ್ದೆವು. ಸಾರ ತೆಗೆದದ್ದು, ಎಥಿಕ್ಸ್ ಕಮಿಟಿಯ ಒಪ್ಪಿಗೆ, ಡೋಸ್ ಲೆಕ್ಕ, ಇದೆಲ್ಲ ಇರಲಿ. ನೇರವಾಗಿ ತಲೆನೋವಿಗೆ ಬರುತ್ತೇನೆ.

ಇಲಿಗೆ ಸಕ್ಕರೆ ಕಾಯಿಲೆ ಬರಿಸುವ ರಾಸಾಯನಿಕ ಅಲೋಕ್ಸಾನ್. ಅದನ್ನು ಚುಚ್ಚಿ 72 ಗಂಟೆಯಾದ ಮೇಲೆ ಎಲ್ಲ ಇಲಿಗಳ ರಕ್ತದ ಸಕ್ಕರೆಯೂ 250 ಮಿ.ಗ್ರಾಂ/ಡೆಸಿಲೀಟರ್ ದಾಟಿತ್ತು. ಸಾರ ಕುಡಿಸುತ್ತಾ ಹೋದಂತೆ ಚೆನ್ನಾಗಿಯೇ ಇಳಿಯಿತು. ಆದರೆ ಗ್ಲುಕೋಮೀಟರ್‌ಗಿಂತ ಮೊದಲೇ ಅನುಮಾನ ಹುಟ್ಟಿಸಿದ್ದು ಪಂಜರದ ಹೊಟ್ಟು. ಸಕ್ಕರೆ ಏರಿದ ಇಲಿ ಸಿಕ್ಕಾಪಟ್ಟೆ ನೀರು ಕುಡಿಯುತ್ತದೆ, ಅಷ್ಟೇ ಉಚ್ಚೆ ಹೊಯ್ಯುತ್ತದೆ. ಸಂಜೆ ಹಾಸಿದ ಹೊಟ್ಟು ಬೆಳಿಗ್ಗೆ ಹಿಂಡುವ ಹಾಗಿರುತ್ತದೆ. ಡಯಾಬಿಟಿಕ್ ಕಂಟ್ರೋಲ್ ಗುಂಪು ಅಂದರೆ ಕಾಯಿಲೆ ಬರಿಸಿಯೂ ಸಾರ ಕೊಡದೆ, ಅದನ್ನು ಕಲಸುವ ಬರೀ ಸಿಎಂಸಿ (ಮದ್ದಿನ ಗುಣವಿಲ್ಲದ ಅಂಟು) ದ್ರಾವಣ ಕುಡಿಸಿದ, ಹೋಲಿಕೆಗೆ ಇಟ್ಟ ಇಲಿಗಳು. ಅವುಗಳ ಪಂಜರದಲ್ಲಿ ಕೈಯಾಡಿಸಿದೆ. ಹೊಟ್ಟು ಒಣಗಿಯೇ ಇತ್ತು! ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಅಲ್ಲೂ ಸಕ್ಕರೆ ಇಳಿದಿದೆ. ಮದ್ದೇ ಇಲ್ಲದೆ ಇಳಿಯುವುದಾದರೆ ಸಾರಕ್ಕೆ ಯಾವ ಬಾಯಲ್ಲಿ ಹೆಸರು ಕೊಡೋಣ?

ಅಲೋಕ್ಸಾನ್‌ನ ಕಾಟವೇ ಇದು. ಅದು ಕೊಲ್ಲುವುದು ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು. ಅವು ಸಾಕಷ್ಟು ಉಳಿದುಬಿಟ್ಟರೆ ಇಲಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಡೋಸ್ ಏರಿಸಿದರೆ ಸತ್ತೇ ಹೋಗಬಹುದು. ಎರಡರ ನಡುವೆ ಜಾಗ ತುಂಬಾ ಕಡಿಮೆ. ಕಂಟ್ರೋಲ್ ಗುಂಪನ್ನು ಕೊನೆತನಕ ಅಳೆಯದ ಪ್ರಯೋಗವನ್ನು ನಾನಂತೂ ನಂಬುವುದಿಲ್ಲ.

ಹಾಗಾಗಿ ಬೀಟಾ ಕೋಶಗಳನ್ನೇ ಕೊಲ್ಲುವ ಇನ್ನೊಂದು ರಾಸಾಯನಿಕ, ಸ್ಟ್ರೆಪ್ಟೊಜೋಟೊಸಿನ್‌ಗೆ ಬಂದೆವು. ಅದನ್ನು ಮೈನಸ್ 20 ಡಿಗ್ರಿಯಲ್ಲಿ ಇಡಬೇಕು. ಬಂದ ಪಾರ್ಸೆಲ್‌ನಲ್ಲಿ ಐಸ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಾಗಿತ್ತು. ಕಳಿಸಿದವರಿಗೆ ಫೋನ್ ಮಾಡಿದರೆ "ಏನೂ ಆಗಲ್ಲ ಬಿಡಿ" ಅಂದರು. ಆಗುತ್ತದೆ ಸ್ವಾಮಿ! ಪುಡಿ ಕೆಟ್ಟಿದ್ದರೆ ಕೆಲವು ಇಲಿಗಳಿಗೆ ಸಕ್ಕರೆ ಏರುವುದೇ ಇಲ್ಲ, ಆ ಜೀವಗಳಿಗೆ ಕೊಟ್ಟ ಹಿಂಸೆ ಸುಮ್ನೆ ದಂಡ. ವಾಪಸ್ ಕಳಿಸಿ ಹೊಸದು ತರಿಸಿದೆವು.

ಪುಡಿಯನ್ನು ಪಿಎಚ್ 4.5ರ, ಅಂದರೆ ತುಸು ಆಮ್ಲೀಯವಾದ, ತಣ್ಣನೆ ಸಿಟ್ರೇಟ್ ಬಫರ್‌ನಲ್ಲಿ ಕರಗಿಸಿದ ತಕ್ಷಣ ಚುಚ್ಚಿದೆವು. ಒಡೆದ ಬೀಟಾ ಕೋಶಗಳಿಂದ ಇನ್ಸುಲಿನ್ ಒಮ್ಮೆಲೇ ಸುರಿದು ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಅಲ್ವಾ, ಅದಕ್ಕೆ ರಾತ್ರಿಯಿಡೀ ಬಾಟಲಿಯಲ್ಲಿ ಗ್ಲೂಕೋಸ್ ನೀರು. ಮೂರನೇ ದಿನ ನೋಡಿ ಅಷ್ಟಕ್ಕೇ ಬಿಡದೆ ಏಳನೇ ದಿನ ಮತ್ತೆ ಅಳೆದೆವು. ಎರಡೂ ಸಲ 250 ದಾಟಿದವನ್ನು ಮಾತ್ರ ಗುಂಪುಗಳಿಗೆ ಹಂಚಿದೆವು.

ಈ ಸಲ ಕಂಟ್ರೋಲ್ ಗುಂಪಿನ ಹೊಟ್ಟು ಕೊನೆತನಕ ಒದ್ದೆ! ಒಂದೆರಡು ಇಲಿಗಳ ರಕ್ತಕ್ಕೆ ಮೀಟರ್ 'ಹೈ' ಎಂದೇ ತೋರಿಸಿತು, ಅಂದರೆ ಅದರ ಅಳತೆಯನ್ನೂ ಮೀರಿದ ಸಕ್ಕರೆ. ಸಾರದ ಗುಂಪಿನಲ್ಲಿ ಸಕ್ಕರೆ ಇಳಿದದ್ದು ಸ್ವಲ್ಪವೇ, ಆದರೆ ನಿಜವಾಗಿ ಇಳಿಯಿತು. ತಿಂದ ಮೇವನ್ನೂ ದಿನಾ ತೂಗಿದ್ದೇವೆ. ಸಾರದ ಒಗರಿಗೆ ಇಲಿಗಳು ಊಟ ಬಿಟ್ಟು ಸಕ್ಕರೆ ಇಳಿದದ್ದಲ್ಲ.

ಈಗ ನನ್ನ ತಲೆ ತುಂಬ ಮುಂದಿನ ಕೆಲಸ. ಬೀಟಾ ಕೋಶಗಳು ಇಷ್ಟೊಂದು ಹಾಳಾದ ಇಲಿಯಲ್ಲಿ, ಇನ್ಸುಲಿನ್ ಹೊರಡಿಸುವ ಮದ್ದಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಮೊದಲು ನಿಕೋಟಿನಮೈಡ್ (ಬಿ3 ವಿಟಮಿನ್‌ನ ಒಂದು ರೂಪ) ಕೊಟ್ಟು ಆಮೇಲೆ ಸ್ಟ್ರೆಪ್ಟೊಜೋಟೊಸಿನ್ ಕೊಡುವ 1998ರ ವಿಧಾನದಲ್ಲಿ ಒಂದಷ್ಟು ಕೋಶ ಬದುಕುತ್ತವೆ. ಅದರಲ್ಲಿ ಇದೇ ಸಾರವನ್ನೂ ಮಧುನಾಶಿನಿ ಎಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಪಕ್ಕದಲ್ಲಿ ಹೋಲಿಕೆಗೆ, ಇನ್ಸುಲಿನ್ ಹೊರಡಿಸುವ ಮಾತ್ರೆಯಾದ ಗ್ಲಿಬೆನ್‌ಕ್ಲಮೈಡ್ ಗುಂಪು ಇದ್ದೇ ಇರುತ್ತದೆ. ಅರ್ಜಿ ಬರೆಯಲು ಕೂತಿದ್ದೇನೆ.