ಗವಾನ್ ನಾಟಕದ ತಾಲೀಮು: ಐದನೆಯ ತಿಂಗಳು

ಹದಿನೈದನೆಯ ಶತಮಾನದ ಬಹಮನಿ ಪ್ರಧಾನಮಂತ್ರಿ ಮಹಮೂದ್ ಗವಾನನ ಮೇಲಿನ ನಮ್ಮ ನಾಟಕದ ತಾಲೀಮು ಸೆಪ್ಟೆಂಬರಿನಲ್ಲಿ ಬೀದರಿನಲ್ಲಿ ಆರಂಭವಾಗಿ ಈಗ ಐದನೆಯ ತಿಂಗಳಿಗೆ ಬಂದಿದೆ. ಹದಿನಾಲ್ಕು ದೃಶ್ಯಗಳಲ್ಲಿ ಒಂಬತ್ತು ಸಿದ್ಧವಾಗಿ ನಿಂತಿವೆ, ಮೂರು ಇನ್ನೂ ಓದಿನ ಹಂತದಲ್ಲಿವೆ, ಉಳಿದ ಎರಡನ್ನು ಕಳೆದ ವಾರ ಪೂರ್ತಿಯಾಗಿ ಕೈಬಿಟ್ಟೆ. ಅವನ್ನು ಏಕೆ ಕೈಬಿಟ್ಟೆನೆಂದು ಬರೆದಿಡದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ಆ ನಿರ್ಧಾರದ ಹಿಂದೆ ನಾನು ಈ ಊರಿನಲ್ಲಿ ನಿರ್ದೇಶಕಿಯಾಗಿ ಕಳೆದ ಏಳು ವರ್ಷಗಳಿವೆ.

ನಾನು ಕುಂದಾಪುರದವಳು. ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಮುಗಿಸಿ, ಒಂದು ತಿಂಗಳ ಬೇಸಿಗೆ ಶಿಬಿರಕ್ಕೆಂದು ಬೀದರಿಗೆ ಬಂದವಳು ಇಲ್ಲಿಯೇ ಉಳಿದೆ. ಇಂದು ಎರಡೂ ಒಂದೇ ರಾಜ್ಯದ ಊರುಗಳು; ಆದರೆ 1956ರ ನವೆಂಬರ್ 1ರವರೆಗೆ ಬೀದರ ಹೈದರಾಬಾದ್ ರಾಜ್ಯದಲ್ಲಿತ್ತು, ನಮ್ಮ ಕರಾವಳಿ ಮದರಾಸಿನ ಆಡಳಿತದಲ್ಲಿತ್ತು. ಆ ದೂರ ನನಗೆ ಮೊದಲ ತಾಲೀಮಿನಲ್ಲಿಯೇ ಕಿವಿಗೆ ಬಿತ್ತು. ನನ್ನ 'ಎಂತ' ಅವರಿಗೆ ಹೊಸದು, ಅವರ 'ಜರಾ ತಡೀರಿ ಅಕ್ಕಾ' ನನಗೆ ಹೊಸದು. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ 'ಯಾವ ಊರಾಯ್ತ್ರಿ ನಿಮ್ಮದು' ಎಂಬ ಪ್ರಶ್ನೆ ಮೊದಲು ಬರುತ್ತಿತ್ತು; ನಾಟಕದವಳು, ಒಂಟಿ ಹೆಂಗಸು ಎಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತಿರಲಿಲ್ಲ. ಸಂವಿಧಾನದ 371(ಜೆ) ವಿಧಿಯಿಂದಾಗಿ ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆ. ಬಹುಕಾಲ ಹಿಂದೆ ಉಳಿದ ಪ್ರದೇಶಕ್ಕೆ ಅದು ನ್ಯಾಯವೆಂದೇ ನಾನು ನಂಬುತ್ತೇನೆ, ಆದರೆ ಕಾಯಂ ಕೆಲಸದ ದಾರಿ ನನ್ನಂಥವಳಿಗೆ ಕಿರಿದಾಗಿತ್ತು ಎಂಬುದೂ ನಿಜ.

ಹೊಟ್ಟೆಪಾಡಿನ ದಾರಿಯನ್ನು ತೆರೆದದ್ದು ಯಕ್ಷಗಾನ. ಎರಡನೆಯ ವರ್ಷ ಮಕ್ಕಳ ನಾಟಕವೊಂದರಲ್ಲಿ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ನಾಲ್ಕು ಹೆಜ್ಜೆಗಳನ್ನು ಹಾಕಿಸಿದೆ, ಜನ ಮೆಚ್ಚಿದರು, ಒಂದರ ಹಿಂದೊಂದು ಶಾಲೆಗಳು ವಾರ್ಷಿಕೋತ್ಸವಕ್ಕೆ ಅದನ್ನೇ ಕೇಳತೊಡಗಿದವು. ಹತ್ತು ದಿನದ ಕಮ್ಮಟಕ್ಕೆ ಹನ್ನೆರಡು ಸಾವಿರ ರೂಪಾಯಿ ಬರುತ್ತಿತ್ತು. ವರ್ಷಕ್ಕೆ ಎಂಟೋ ಹತ್ತೋ ಕಮ್ಮಟ ಸಿಕ್ಕರೆ ಬಾಡಿಗೆ, ಅಡುಗೆ, ಬಸ್ಸಿನ ಖರ್ಚು ಹೇಗೋ ಸಾಗುತ್ತಿತ್ತು. ಕ್ರಮೇಣ ನನ್ನ ಹೆಸರೇ 'ಯಕ್ಷಗಾನದ ಮೇಡಂ' ಎಂದಾಯಿತು. ಆ ಪ್ರೀತಿಗೆ ನಾನು ಋಣಿ. ಆದರೆ ಬಂದವಳಿಂದ ಊರು ಅವಳ ತವರಿನ ಸರಕನ್ನಷ್ಟೇ ಕೇಳುತ್ತಾ ಹೋದರೆ, ಇಲ್ಲಿ ಕಲಿತದ್ದನ್ನು ರಂಗಕ್ಕೆ ತರುವ ಅವಕಾಶ ಅವಳಿಗೆ ಯಾವಾಗ ಸಿಗಬೇಕು? ಗವಾನನನ್ನು ಆರಿಸಿಕೊಂಡದ್ದು ಈ ಪ್ರಶ್ನೆಯಿಂದಲೇ.

ಗವಾನನೂ ಕಡಲ ದಂಡೆಯವನು. ಕ್ಯಾಸ್ಪಿಯನ್ ಸಮುದ್ರದ ತೀರದ ಗಿಲಾನ್ ಪ್ರಾಂತದಿಂದ, ನಲವತ್ತು ದಾಟಿದ ಮೇಲೆ, ವ್ಯಾಪಾರಿಯಾಗಿ ದಾಭೋಳ ಬಂದರಿಗೆ ಬಂದಿಳಿದು, ಅಲ್ಲಿಂದ ಬೀದರಿಗೆ ಬಂದು, ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇಂದಿಗೂ ಊರ ನಡುವೆ ನಿಂತಿದೆ. ಆಗಿನ ದರ್ಬಾರಿನಲ್ಲಿ ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಆಫಾಕಿಗಳು ಎಂಬ ಎರಡು ಪಾಳಯಗಳಿದ್ದವು. ಆಫಾಕಿಗಳನ್ನು ಗರೀಬರೆಂದೂ ಕರೆಯುತ್ತಿದ್ದರು. ಮೊದಲ ಓದಿನ ದಿನ ಆಟೋ ಓಡಿಸುವ ನಮ್ಮ ನಟ ಅಲ್ಲಿಯೇ ತಡೆದು ಕೇಳಿದ: 'ಅಕ್ಕಾ, ಗರೀಬ ಅಂದ್ರ ಬಡವ ಅಲ್ರೀ? ಪ್ರಧಾನಿ ಹ್ಯಾಂಗ ಗರೀಬ ಆಗ್ತಾನ್ರಿ?' ಅರಬ್ಬಿಯಲ್ಲಿ ಆ ಪದಕ್ಕೆ ಅಪರಿಚಿತ, ಊರು ಬಿಟ್ಟು ಬಂದವನು ಎಂಬ ಅರ್ಥ. ನಮ್ಮ ಕಡೆಗೆ ಬರುವಷ್ಟರಲ್ಲಿ ಅದು ಬಡವನಾಯಿತು. ಕನ್ನಡದ 'ಪರದೇಶಿ'ಯೂ ಹಾಗೆಯೇ, ಬೇರೆ ದೇಶದವನು ಎಂಬಲ್ಲಿಂದ ದಿಕ್ಕಿಲ್ಲದವನು ಎಂಬಲ್ಲಿಗೆ ಬಂದು ನಿಂತಿದೆ. ಆ ಸಂಜೆ ಎರಡು ಗಂಟೆ ಈ ಎರಡು ಪದಗಳ ಮೇಲೆಯೇ ಮಾತು ನಡೆಯಿತು. ತಂಡದ ಹನ್ನೊಂದು ಜನರಲ್ಲಿ ನಾಲ್ವರು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿ ಬಂದವರೆಂಬುದು ನನಗೆ ಗೊತ್ತಾದದ್ದು ಅಂದೇ.

ಅಷ್ಟೆಲ್ಲ ಆದ ಮೇಲೂ ನಾನು ದರ್ಬಾರಿನ ಎರಡು ದೃಶ್ಯಗಳನ್ನು ಯಕ್ಷಗಾನದ ಒಡ್ಡೋಲಗದ, ಅಂದರೆ ಪಾತ್ರಗಳು ಕುಣಿಯುತ್ತ ಸಭೆಗೆ ಬರುವ, ಕ್ರಮದಲ್ಲಿ ಕಟ್ಟಿದ್ದೆ. ನೋಡಲು ಚೆನ್ನಾಗಿದ್ದವು. ಆದರೆ ಒಂಬತ್ತು ದೃಶ್ಯಗಳಲ್ಲಿ ತಮ್ಮ ಮೈಯಲ್ಲಿಯೇ ನಡೆಯುತ್ತಿದ್ದ ನಟರು ಇವೆರಡರಲ್ಲಿ ನನ್ನ ಮೈಯನ್ನು ಅನುಕರಿಸುತ್ತಿದ್ದರು. ಗವಾನನ ಪಾತ್ರ ಮಾಡುವ ನಿವೃತ್ತ ಶಿಕ್ಷಕರು ತಾಲೀಮು ಮುಗಿದ ಮೇಲೆ ಮೆಲ್ಲಗೆ 'ಮೇಡಂ, ಇದರಾಗ ನಾವು ಕಾಣವಲ್ಲೆವು' ಎಂದರು. ಅದಕ್ಕಿಂತ ಖಚಿತವಾದ ವಿಮರ್ಶೆ ನನಗೆ ಈವರೆಗೆ ಸಿಕ್ಕಿಲ್ಲ. ಈಗ ಅವುಗಳ ಜಾಗಕ್ಕೆ ಹಳ್ಳಿಗಳ ಮೊಹರಂ ಕುಣಿತದ ಹೆಜ್ಜೆ ಮತ್ತು ಹಲಗೆ ವಾದ್ಯವನ್ನು ತರುತ್ತಿದ್ದೇವೆ. ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಿಂದೂ, ಮುಸ್ಲಿಂ ಎನ್ನದೆ ಕುಣಿದು, ಮೊಹರಂನ ಕಥೆ ಹೇಳುವ ಕನ್ನಡದ ರಿವಾಯತ್ ಪದಗಳನ್ನು ಹಾಡುತ್ತ ಬೆಳೆದವರು ತಂಡದಲ್ಲಿ ಐವರಿದ್ದಾರೆ. ಅವರು ಕಲಿಸುತ್ತಾರೆ, ನಾನು ಕಲಿಯುತ್ತೇನೆ. ನನ್ನ ಕಾಲುಗಳಿಗೆ ಆ ಲಯ ಇನ್ನೂ ಒಗ್ಗಿಲ್ಲ.

ಹೆಚ್ಚು ದಿನ ತೆಗೆದುಕೊಂಡ ದೃಶ್ಯ ಖೊಟ್ಟಿ ಪತ್ರದ್ದು. ಇತಿಹಾಸಕಾರ ಫಿರಿಷ್ತಾ ಹೇಳುವಂತೆ, ವಿರೋಧಿಗಳು ಗವಾನನ ಮೊಹರು ಕಾಯುತ್ತಿದ್ದ, ಆಫ್ರಿಕಾ ಮೂಲದ ಹಬಶಿಯೊಬ್ಬನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡು, ಅದರ ಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರ ಬರೆದರು. ಸುಲ್ತಾನನ ಅಪ್ಪಣೆಯಂತೆ 1481ರ ಏಪ್ರಿಲ್‌ನಲ್ಲಿ ಗವಾನನ ತಲೆ ಹೋಯಿತು. ಮೊದಮೊದಲು ನಾನು ಮೊಹರು ಕಾಯುವವನನ್ನು ಬರೀ ಕುಡುಕನನ್ನಾಗಿ ಮಾಡಿಸುತ್ತಿದ್ದೆ. ಅದು ತಪ್ಪಾಗಿತ್ತು. ಹಬಶಿಗಳೂ ಕಡಲು ದಾಟಿ ಬಂದವರೇ, ಆದರೂ ಅವರು ದಖ್ಖನಿಗಳ ಪಾಳಯದಲ್ಲಿ ಎಣಿಕೆಯಾಗುತ್ತಿದ್ದರು. ಯಾರು ಒಳಗಿನವರು ಎಂಬುದನ್ನು ತೀರ್ಮಾನಿಸುತ್ತಿದ್ದವರು ಬೇರೆ ಯಾರೋ ಆಗಿದ್ದರು. ಇದು ಮನದಟ್ಟಾದ ಮೇಲೆ ನಮ್ಮ ಆಟೋದ ಹುಡುಗ ಆ ಪಾತ್ರವನ್ನು ಆಸರೆ ಹುಡುಕುವ ಮನುಷ್ಯನಂತೆ ಆಡತೊಡಗಿದ್ದಾನೆ. ಈಗ ಪತ್ರವನ್ನು ಗಟ್ಟಿಯಾಗಿ ಓದುವುದನ್ನೂ ನಿಲ್ಲಿಸಿದ್ದೇವೆ. ಮುದ್ರೆ ಬೀಳುವ ಸದ್ದಿಗೆ ಒಂದೇ ಹಲಗೆಯ ಪೆಟ್ಟು. ಕಾಗದ ಕೊನೆಯವರೆಗೂ ಪ್ರೇಕ್ಷಕರ ಕಣ್ಣಿಗೆ ಖಾಲಿಯಾಗಿಯೇ ಉಳಿಯುತ್ತದೆ.

ಮುದ್ರೆ ತನ್ನದು, ಪತ್ರ ತನ್ನದಲ್ಲ ಎಂಬ ಗವಾನನ ಉತ್ತರವನ್ನು ಮಾಸ್ತರರು ಕನ್ನಡದಲ್ಲಿ ಎಷ್ಟು ಬಗೆಯಲ್ಲಿ ಹೇಳಿದರೂ ಅದು ಭಾಷಣದಂತೆ ಕೇಳುತ್ತಿತ್ತು. ಒಂದು ಸಂಜೆ ಅವರಾಗಿಯೇ ಇಲ್ಲಿನ ಉರ್ದುವಾದ ದಖನಿಯಲ್ಲಿ, 'ಮುಹರ್ ಮೇರಿ ಹೈ, ಖತ್ ಮೇರಾ ನೈ' ಎಂದು, ಕ್ಷಣ ಬಿಟ್ಟು ಕನ್ನಡದಲ್ಲಿ ಪಿಸುಗುಟ್ಟಿದರು. ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ.

ಡಿಸೆಂಬರಿನಲ್ಲಿ ತೊಗರಿ ಕೊಯ್ಲಿಗೆಂದು ನಾಲ್ವರು ಮೂರು ವಾರ ಬರಲಿಲ್ಲ; ಆ ದಿನಗಳಲ್ಲಿ ಬೆಳಕು ಮತ್ತು ಉಡುಪಿನ ಕೆಲಸ ಮಾಡಿಕೊಂಡೆ. ಒಟ್ಟು ಖರ್ಚು ಒಂದು ಲಕ್ಷ ಎಂಬತ್ತು ಸಾವಿರ ತಲುಪಬಹುದು, ಕೈಯಲ್ಲಿರುವುದು ತೊಂಬತ್ತೈದು ಸಾವಿರ. ಗವಾನ್ ತಾನು ತಂದ ಬಂಡವಾಳದ ವ್ಯಾಪಾರದಿಂದಲೇ ಮನೆಖರ್ಚು ನಡೆಸುತ್ತಿದ್ದನಂತೆ. ನಾನೂ ಕಮ್ಮಟದ ಹಣದಲ್ಲಿ ಮನೆ ನಡೆಸಿ, ನಾಟಕದ ಹಣವನ್ನು ನಟರ ಬಸ್ ಚಾರ್ಜು ಮತ್ತು ಸಂಭಾವನೆಗೆ ಮೀಸಲಿಟ್ಟಿದ್ದೇನೆ. ಆದ್ದರಿಂದ ಈ ಚಳಿಗಾಲದಲ್ಲಿಯೂ ಮೂರು ಶಾಲೆಗಳಲ್ಲಿ ಯಕ್ಷಗಾನದ ಹೆಜ್ಜೆ ಕಲಿಸಿದೆ, ಸಂತೋಷದಿಂದಲೇ ಕಲಿಸಿದೆ.

ಮೊದಲ ಪ್ರಯೋಗ ಇಲ್ಲಿನ ಚನ್ನಬಸವ ಪಟ್ಟದ್ದೇವರು ರಂಗಮಂದಿರದಲ್ಲಿ, ಎರಡನೆಯದು ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಮಾಡಬೇಕೆಂಬ ಯೋಚನೆ ಇದೆ. ದಿನ ಇನ್ನೂ ಗೊತ್ತಾಗಿಲ್ಲ. ಬರುವ ಭಾನುವಾರ ಎಲ್ಲರೂ ಗೋರನಳ್ಳಿಯಲ್ಲಿರುವ ಗವಾನನ ಗೋರಿಗೆ ಹೋಗುತ್ತೇವೆ. ಹಲಗೆಯನ್ನು ಒಯ್ಯುವುದಿಲ್ಲ. ಮಾಸ್ತರರು ಕೊನೆಯ ದೃಶ್ಯವನ್ನು ಅಲ್ಲಿ ಕುಳಿತು ಒಮ್ಮೆ ಓದುವುದಾಗಿ ಹೇಳಿದ್ದಾರೆ, ಆಟೋದ ಹುಡುಗ ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬರುತ್ತಾನೆ.